ಸ್ನೋ ಕೋನ್ ತಗೊಳ್ಳೋದಾ, ಹವಾಯಿ ಶೇವ್ ಐಸಾ?

ಅಮೆರಿಕದಲ್ಲಿ ಬೇಸಿಗೆಯ ತಿಂಡಿ ಗಾಡಿಗಳ ಮೇಲೆ ಈ ಎರಡೂ ಹೆಸರು ಕಾಣುತ್ತವೆ. ಎರಡೂ ಐಸು, ಎರಡಕ್ಕೂ ಬಣ್ಣದ ಪಾಕ. ಬಾಯಿಗೆ ಇಟ್ಟಾಗಲೇ ವ್ಯತ್ಯಾಸ ತಿಳಿಯೋದು.

ಸ್ನೋ ಕೋನ್‌ಗೆ ಐಸನ್ನು ಪುಡಿ ಮಾಡುತ್ತಾರೆ. ಹರಳು ದಪ್ಪ, ಕರುಂ ಕುರುಂ ಅನ್ನುತ್ತದೆ. ಪಾಕ ನಿಲ್ಲದೆ ತಳಕ್ಕೆ ಇಳಿಯುತ್ತದೆ. ಮೇಲೆ ಸಪ್ಪೆ ಐಸು, ಕೆಳಗೆ ಸಿಹಿ ನೀರು. ನಮ್ಮ ಐಸ್ ಗೋಲಾ ಚೀಪಿದವರಿಗೆ ಇದು ಗೊತ್ತು, ಅಲ್ವಾ?

ಶೇವ್ ಐಸ್‌ಗೆ ಇಡೀ ಐಸ್ ಗಡ್ಡೆಯನ್ನು ತಿರುಗಿಸುತ್ತಾ ಹರಿತವಾದ ಬ್ಲೇಡಿನಿಂದ ಹೆರೆಯುತ್ತಾರೆ. ಉದುರುವ ಎಳೆಗಳು ಹತ್ತಿಯಷ್ಟು ಮೆತ್ತಗೆ. ಪಾಕವನ್ನು ಹೀರಿಕೊಳ್ಳುತ್ತವೆ, ಹಾಗಾಗಿ ಕೊನೆಯ ಚಮಚದವರೆಗೂ ರುಚಿ. ಕಬ್ಬಿನ ತೋಟಗಳಿಗೆ ದುಡಿಯಲು ಬಂದ ಜಪಾನಿನವರು ತಮ್ಮೂರಿನ ಕಾಕಿಗೋರಿಯನ್ನು, ಅಂದರೆ ಪಾಕ ಹಾಕಿದ ಹೆರೆದ ಐಸನ್ನು, ಹವಾಯಿಗೆ ತಂದರು. ಶೇವ್ ಐಸಿನ ಬೇರು ಅದರಲ್ಲೇ. ಓಆಹು ದ್ವೀಪದ ಹಲೇಇವಾ ಊರಿನ, ಶೇವ್ ಐಸಿಗೆ ಹೆಸರಾದ ಮಾತ್ಸುಮೋಟೋ ಅಂಗಡಿ ಶುರುವಾಗಿದ್ದು 1951ರಲ್ಲಿ. ಹವಾಯಿಯ ದೊಡ್ಡ ದ್ವೀಪದ ಹಿಲೋ ಊರಿನ ಕಡೆ ಶೇವ್ ಐಸನ್ನೇ ‘ಐಸ್ ಶೇವ್’ ಅನ್ನುತ್ತಾರೆ.

ತಳದಲ್ಲಿ ವೆನಿಲಾ ಐಸ್ ಕ್ರೀಮ್ ಅಥವಾ ಸಿಹಿ ಅಜುಕಿ ಕಾಳು (ಸಣ್ಣ ಕೆಂಪು ಕಾಳು), ಮೇಲೆ ಕಂಡೆನ್ಸ್ಡ್ ಮಿಲ್ಕ್ ಹಾಕಿಸಿಕೊಳ್ಳಬಹುದು. ನಾನಾದರೆ ಲಿಲಿಕೋಯ್ ಪಾಕ ಕೇಳುತ್ತೇನೆ, ಅದು ಪ್ಯಾಶನ್ ಫ್ರೂಟ್. ಅದರ ಮೇಲೆ ಲಿ ಹಿಂಗ್ ಮುಯಿ ಪುಡಿ, ಅಂದರೆ ಉಪ್ಪು ಹಾಕಿ ಒಣಗಿಸಿದ ಪ್ಲಮ್ ಹಣ್ಣಿನ ಪುಡಿ, ಉದುರಿಸಿದರೆ ಹುಳಿ, ಉಪ್ಪು, ಸಿಹಿ ಒಟ್ಟಿಗೆ ಸಿಗುತ್ತವೆ. ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಇಷ್ಟಪಡುವ ನಾಲಿಗೆಗೆ ಇದು ತಟ್ಟನೆ ಹಿಡಿಸುತ್ತದೆ.

ಸುಮ್ನೆ ಬಾಯಿ ತಣ್ಣಗಾದರೆ ಸಾಕು, ಐಸ್ ಕಡಿಯೋದೇ ಖುಷಿ ಅನ್ನುವವರಿಗೆ ಸ್ನೋ ಕೋನ್ ಸಾಕು. ಕೂತು ನಿಧಾನವಾಗಿ ತಿನ್ನೋದಾದರೆ ಶೇವ್ ಐಸೇ ಸರಿ. ಆದರೆ ಹೆಸರು ನೋಡಿ ದುಡ್ಡು ಕೊಡಬೇಡಿ, ಮೊದಲು ಯಂತ್ರ ನೋಡಿ. ಒಳಗೆ ಐಸ್ ಗಡ್ಡೆ ತಿರುಗುತ್ತಾ ಎಳೆ ಎಳೆಯಾಗಿ ಬೀಳುತ್ತಿದ್ದರೆ ಧೈರ್ಯವಾಗಿ ಸಾಲಿನಲ್ಲಿ ನಿಲ್ಲಿ.