ಮಾಸ್ಟರ್ ಆಫ್ ಓರಿಯನ್ 2: ಹಲವು ವರ್ಷ ಆಡಿದ ಮೇಲೆ

ತುಮಕೂರಿನಿಂದ ಯಶವಂತಪುರಕ್ಕೆ ದಿನವೂ ರೈಲಿನಲ್ಲಿ ಓಡಾಡುವ ನನಗೆ, ಕ್ಯಾತ್ಸಂದ್ರ ದಾಟಿದ ಮೇಲೆ ಲ್ಯಾಪ್‌ಟಾಪ್ ತೆರೆದು ಹತ್ತಿಪ್ಪತ್ತು ಸರದಿ ಆಡಿ, ಇಳಿಯುವ ಸ್ಟೇಷನ್ ಬಂದೊಡನೆ ಮುಚ್ಚಿಡಬಹುದಾದ ಆಟವೊಂದು ಬೇಕಾಗಿತ್ತು. ಸೀಟು ಸಿಕ್ಕ ದಿನಗಳ ಮಾತು ಇದು. ಸಿಮ್‌ಟೆಕ್ಸ್ ತಯಾರಿಸಿ 1996ರಲ್ಲಿ ಮೈಕ್ರೋಪ್ರೋಸ್ ಹೊರತಂದ ಈ ಆಟ ಅವಸರ ಮಾಡುವುದಿಲ್ಲ. ನಾವು ಸರದಿ ಮುಗಿಸುವವರೆಗೆ ಇಡೀ ನಕ್ಷತ್ರಲೋಕ ಕಾದು ಕುಳಿತಿರುತ್ತದೆ.

ನಕ್ಷತ್ರವರ್ಷ 3500ರಲ್ಲಿ ಆರಂಭವಾಗುವ ಆಟದಲ್ಲಿ ಗ್ರಹಗಳಲ್ಲಿ ನೆಲೆಯೂರಿ, ಜನರನ್ನು ಬೇಸಾಯ, ಕೈಗಾರಿಕೆ, ಸಂಶೋಧನೆಗಳಿಗೆ ಹಂಚಿ, ನೌಕೆಗಳನ್ನು ನಾವೇ ವಿನ್ಯಾಸಗೊಳಿಸಿ ಕಾದಬೇಕು. ಇಷ್ಟನ್ನು ಬೇರೆ ಆಟಗಳೂ ಮಾಡುತ್ತವೆ. ನಾನು ಮತ್ತೆ ಮತ್ತೆ ಇದಕ್ಕೇ ಮರಳಲು ಕಾರಣ ಇದರ ಸಂಶೋಧನೆಯ ಕ್ರಮ. ಬಹುಪಾಲು ಹಂತಗಳಲ್ಲಿ ಎರಡು ಮೂರು ತಂತ್ರಜ್ಞಾನಗಳನ್ನು ಎದುರಿಗಿಟ್ಟು, ಅವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಲು ಬಿಡುತ್ತದೆ. ಸ್ವಯಂಚಾಲಿತ ಕಾರ್ಖಾನೆ ಬೇಕೆಂದರೆ ಗ್ರಹದ ಕ್ಷಿಪಣಿ ನೆಲೆಯನ್ನೂ ನೌಕೆಯ ದಪ್ಪ ಕವಚವನ್ನೂ ಬಿಡಬೇಕು. ಹೈಡ್ರೋಪೋನಿಕ್ ತೋಟ ಆರಿಸಿದರೆ ಹೆಚ್ಚು ಜನರಿಗೆ ಇಂಬು ಕೊಡುವ ಜೀವಗೋಳ ಕೈತಪ್ಪುತ್ತದೆ. ಕೈಬಿಟ್ಟದ್ದು ಮುಂದೆ ಬೇಕಾದರೆ ನೆರೆಯವರೊಡನೆ ವಿನಿಮಯ ಮಾಡಿಕೊಳ್ಳಬೇಕು, ಗೂಢಚಾರರಿಂದ ಕದಿಸಬೇಕು, ಇಲ್ಲವೇ ಯುದ್ಧದಲ್ಲಿ ಕಸಿದುಕೊಳ್ಳಬೇಕು. ಒಂದೇ ಬೋರ್‌ವೆಲ್ಲಿನ ನೀರನ್ನು ತೆಂಗಿಗೆ ಬಿಡುವುದೋ ಅಡಿಕೆಗೆ ಬಿಡುವುದೋ ಎಂದು ಯೋಚಿಸುವ ನಮ್ಮ ಸೀಮೆಯ ರೈತರಿಗೆ ಈ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ.

ಸಿದ್ಧವಾಗಿರುವ 13 ಜನಾಂಗಗಳಲ್ಲಿ ಸೈಲಾನ್‌ಗಳಿಗೆ ಮಾತ್ರ ಈ ಕಟ್ಟು ಇಲ್ಲ. ಸೃಜನಶೀಲರಾದ ಅವರಿಗೆ ಪ್ರತಿ ಹಂತದಲ್ಲೂ ಎಲ್ಲವೂ ದಕ್ಕುತ್ತದೆ. ನಮ್ಮದೇ ಜನಾಂಗವನ್ನು ರೂಪಿಸಿಕೊಳ್ಳಲು ಸಿಗುವ 10 ಅಂಕಗಳಲ್ಲಿ ಆ ಗುಣವೊಂದೇ 8 ಅಂಕಗಳನ್ನು ನುಂಗುತ್ತದೆ. ಹೊಸಬರು ಅದನ್ನೇ ಆರಿಸಿಕೊಳ್ಳುತ್ತಾರೆ, ನಾನೂ ಆರಂಭದಲ್ಲಿ ಹಾಗೆಯೇ ಮಾಡಿದೆ. ಆದರೆ ಏನನ್ನೂ ಬಿಡಬೇಕಾಗಿಲ್ಲದ ಆಟ ಬೇಗನೆ ಸಪ್ಪೆಯಾಯಿತು. ಶಾಲೆಯ ರಜೆಗೆ ತಿಪಟೂರಿನಿಂದ ಬಂದ ಅಣ್ಣನ ಮಗ ಒಂದೇ ಲ್ಯಾಪ್‌ಟಾಪಿನಲ್ಲಿ ನನ್ನೊಡನೆ ಸರದಿಯಂತೆ ಆಡುವಾಗ, ಆಹಾರವೇ ಬೇಡದ ಶಿಲಾಜೀವಿಗಳಾದ ಸಿಲಿಕಾಯ್ಡ್‌ಗಳನ್ನು ಆರಿಸಿಕೊಂಡು, "ಚಿಕ್ಕಪ್ಪ, ನನಗೆ ಬೇಸಾಯದ ಗೊಡವೆಯೇ ಇಲ್ಲ" ಎಂದು ಬೀಗಿದ್ದ. ಅವರ ಜನಸಂಖ್ಯೆ ಎಷ್ಟು ನಿಧಾನವಾಗಿ ಬೆಳೆಯುತ್ತದೆಂಬುದು ಅವನಿಗೆ ಸಂಜೆಯ ಹೊತ್ತಿಗೆ ತಿಳಿಯಿತು.

ದೋಷಗಳೂ ಕಡಿಮೆಯಿಲ್ಲ. ವಸಾಹತುಗಳು ಇಪ್ಪತ್ತೈದು ಮೂವತ್ತಾದ ಮೇಲೆ ಪ್ರತಿಯೊಂದಕ್ಕೂ ಮುಂದೇನು ಕಟ್ಟಬೇಕೆಂದು ಹೇಳುತ್ತ ಕೂರುವುದು ಆಟಕ್ಕಿಂತ ಗುಮಾಸ್ತೆಯ ಕೆಲಸದಂತೆ ತೋರುತ್ತದೆ, ಸ್ವಯಂ ನಿರ್ಮಾಣಕ್ಕೆ ಬಿಟ್ಟರೆ ಬೇಡದ್ದನ್ನು ಮೊದಲು ಕಟ್ಟುತ್ತದೆ. ಗಣಕ ನಡೆಸುವ ಎದುರಾಳಿಗಳ ರಾಜತಾಂತ್ರಿಕತೆಗೆ ತಲೆಬುಡವಿಲ್ಲ: ನಿನ್ನೆ ಒಪ್ಪಂದಕ್ಕೆ ಸಹಿ ಹಾಕಿದವರು ಇಂದು ಕಪ್ಪ ಕೇಳುತ್ತಾರೆ. ಆದೇಶ ಸಾಮರ್ಥ್ಯಕ್ಕೆ, ಅಂದರೆ ಎಷ್ಟು ನೌಕೆಗಳನ್ನು ನಿಭಾಯಿಸಬಹುದೆಂದು ಅಂಕಗಳಲ್ಲಿ ಅಳೆಯುವ ಮಿತಿಗೆ, ಮೀರಿ ನೌಕಾಪಡೆ ಬೆಳೆಸಿದರೆ ಕೊರತೆಯಾದ ಪ್ರತಿ ಅಂಕಕ್ಕೂ ಸರದಿಗೆ ಆಟದ ಹಣದಲ್ಲಿ 10ರಂತೆ ಬೊಕ್ಕಸ ಬರಿದಾಗುತ್ತದೆ. ಇದನ್ನು ನಾನು ದೋಷವೆನ್ನಲಾರೆ, ಆದರೆ ಮೊದಲ ಆಟದಲ್ಲಿ ದಿವಾಳಿಯಾದದ್ದು ಇದರಿಂದಲೇ. ಬೇರೊಂದು ಆಯಾಮದಿಂದ ಬಂದು ಆಗಾಗ ಮೇಲೆರಗುವ ಆಂಟಾರನ್ನರ ದಾಳಿಯನ್ನು ಬೇಡವೆಂದರೆ ಆರಂಭದಲ್ಲೇ ನಿಲ್ಲಿಸಿಡಬಹುದು.

2016ರಲ್ಲಿ ಮಾಸ್ಟರ್ ಆಫ್ ಓರಿಯನ್ ಹೆಸರಿನಲ್ಲೇ ಹೊಸ ಆಟ ಬಂದಾಗ ಆಸೆಯಿಂದ ಆಡಿದೆ. ಚಿತ್ರಗಳು ಚೆನ್ನಾಗಿದ್ದವು, ಆದರೆ ಯುದ್ಧವನ್ನು ಸರದಿಯಿಂದ ತಪ್ಪಿಸಿ ನೈಜ ಸಮಯಕ್ಕೆ ಒಯ್ದದ್ದು ನನಗೆ ಒಗ್ಗಲಿಲ್ಲ. ಹಳೆಯದು ಡಾಸ್‌ಬಾಕ್ಸ್ ಎಂಬ, ಹಳೆಯ ಡಾಸ್ ಆಟಗಳನ್ನು ನಡೆಸುವ ತಂತ್ರಾಂಶದ ಮೂಲಕ ಇಂದಿನ ಯಂತ್ರಗಳಲ್ಲೂ ಓಡುತ್ತದೆ. ಅಭಿಮಾನಿಗಳು ಸಿದ್ಧಪಡಿಸಿದ 1.50 ಪ್ಯಾಚ್ (ತಿದ್ದುಪಡಿ ತಂತ್ರಾಂಶ) ಹಾಕಿಕೊಂಡರೆ ಹಲವು ಹಳೆಯ ತೊಡಕುಗಳು ನೀಗುತ್ತವೆ. ಸದ್ಯ ಊಳಿಗಮಾನ್ಯ ಆಡಳಿತದಿಂದ ಸಂಶೋಧನೆ ಕುಂಟುವ ಸಕ್ರಾ ಜನಾಂಗವನ್ನು ಆಡುತ್ತಿದ್ದೇನೆ. ಕಾರ್ಖಾನೆ ಆರಿಸಿ ಕ್ಷಿಪಣಿ ನೆಲೆ ಕೈಬಿಟ್ಟಿದ್ದೆ. ನಿನ್ನೆ ದಾಬಸ್‌ಪೇಟೆ ದಾಟುವಾಗ ಎದುರಾಳಿ ಜನಾಂಗವಾದ ಮೃಶನ್ನರ ಪಡೆ ಗಡಿಯಲ್ಲಿ ಕಾಣಿಸಿಕೊಂಡಿತು.