ತಪ್ಪು ಅತ್ತೆಯ ಕಾಡಿಗೆಯದಲ್ಲ, ನನ್ನ ಸೀಸದ್ದು

ಮನೆಯಲ್ಲಿ ಚಿಕ್ಕ ಮಕ್ಕಳಿದ್ದು, ಗ್ಯಾರೇಜಿನಲ್ಲಿ ಸೀಸ ಕರಗಿಸುವವರು ಯಾರಾದರೂ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ.

ನಾನು ತೀರ್ಥಹಳ್ಳಿ ಕಡೆಯವನು. ಈಗ ಇರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಅಜ್ಜನ ಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತು. ಮದ್ದು ಸುರಿದು, ಗುಂಡು ಇಟ್ಟು, ಗಜದಿಂದ ಜಡಿಯುವುದನ್ನು ದೂರ ನಿಂತು ನೋಡಿದ್ದೆ. ಮುಟ್ಟಲು ಮಾತ್ರ ಬಿಡುತ್ತಿರಲಿಲ್ಲ. ಇಲ್ಲಿ ಕ್ರಿಸ್‌ಮಸ್ ಮುಗಿದ ಮೇಲೆ ಚಕಮಕಿ ಕೋವಿಯವರಿಗೆಂದೇ ಜಿಂಕೆ ಬೇಟೆಯ ಸೀಸನ್ ಇದೆ. ಹಳೇ ಆಸೆ ಬಿಡಲಿಲ್ಲ. .50 ಕ್ಯಾಲಿಬರಿನದು, ಅಂದರೆ ನಳಿಗೆಯ ಒಳ ಅಗಲ ಅರ್ಧ ಇಂಚು ಇರುವುದು, ಒಂದು ಕೊಂಡೆ.

ಈ ಕೋವಿಗೆ .490 ಇಂಚಿನ ಗುಂಡು ಸಾಕು. ಉಳಿದ ಜಾಗ ತುಂಬಲು ಎಣ್ಣೆ ಸವರಿದ ಹತ್ತಿ ಬಟ್ಟೆಯ ತುಂಡು. ಗುಂಡಿನ ತೂಕ ಸುಮಾರು ಹನ್ನೊಂದೂವರೆ ಗ್ರಾಂ, ಮೆತ್ತನೆಯ ಶುದ್ಧ ಸೀಸದ್ದೇ ಆಗಬೇಕು. ಕಾರಿನ ಚಕ್ರಕ್ಕೆ ಬಡಿಯುವ ಸೀಸದ ತೂಕದ ತುಂಡುಗಳಲ್ಲಿ ಆಂಟಿಮನಿ ಅನ್ನುವ ಇನ್ನೊಂದು ಧಾತು ಬೆರೆತಿರುತ್ತದೆ. ಗುಂಡು ಗಟ್ಟಿಯಾಗುತ್ತದೆ, ನಳಿಗೆಯಲ್ಲಿ ಇಳಿಯಲು ಹಟ ಮಾಡುತ್ತದೆ. ಅಂಗಡಿಯ ಗುಂಡು ದುಬಾರಿ ಅನ್ನಿಸಿ ಅಚ್ಚು, ಕರೆಂಟಿನ ಕರಗಿಸುವ ಪಾತ್ರೆ, ಸೌಟು ಎಲ್ಲ ತರಿಸಿದೆ. ಒಬ್ಬ ಗುಜರಿಯವನಿಂದ ಹಳೇ ಛಾವಣಿಯ ಸೀಸದ ತಗಡು ಸಿಕ್ಕಿತು.

ಎಲ್ಲರೂ ಹೇಳುವ ಎಚ್ಚರಿಕೆ ನೀರಿನದು. ಕರಗಿದ ಸೀಸದ ಅಡಿಗೆ ಒಂದು ಹನಿ ನೀರು ಸಿಕ್ಕಿದರೂ ಅದು ಕ್ಷಣದಲ್ಲಿ 1,600 ಪಟ್ಟು ಹಿಗ್ಗಿ ಆವಿಯಾಗುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಫೆಬ್ರವರಿಯ ಒಂದು ಬೆಳಿಗ್ಗೆ, ಹೊರಗಿಟ್ಟಿದ್ದ ತಗಡಿನ ತುಂಡನ್ನು ಹಾಗೇ ಪಾತ್ರೆಗೆ ಬಿಟ್ಟೆ. ತಗಡು ಮಡಚಿದ್ದ ಕಡೆ ಮಂಜು ಕೂತಿತ್ತು. ಢಬ್ ಅಂತ ಒಂದೇ ಸದ್ದು. ಅರ್ಧ ಪಾತ್ರೆ ಸೀಸ ಛಾವಣಿಗೆ ಅಂಟಿಕೊಂಡಿತ್ತು. ಕನ್ನಡಕ, ಚರ್ಮದ ಕೈಗವಸು ಇದ್ದಿದ್ದರಿಂದ ಕತ್ತಿನ ಮೇಲೆ ಎರಡು ಸುಟ್ಟ ಗಾಯದಲ್ಲೇ ಬಚಾವಾದೆ. ಆವತ್ತಿನಿಂದ ಪ್ರತಿ ತುಂಡನ್ನೂ ಪಾತ್ರೆಯ ಅಂಚಿನಲ್ಲಿಟ್ಟು ಬಿಸಿ ಮಾಡಿಯೇ ಹಾಕುತ್ತಿದ್ದೆ. ಪಾಠ ಕಲಿತಾಯಿತು ಅಂದುಕೊಂಡೆ.

ಏಪ್ರಿಲ್‌ನಲ್ಲಿ ಮಗಳಿಗೆ ಎರಡು ತುಂಬಿತು. ಇಲ್ಲಿ ಆ ವಯಸ್ಸಿಗೆ ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ನೋಡುವ ರೂಢಿ. ಬೆರಳು ಚುಚ್ಚಿ ನೋಡಿದಾಗ 11 ಬಂತು. ಕೈಯ ನರದಿಂದ ತೆಗೆದು ಮತ್ತೆ ನೋಡಿದರೆ 9. ಇದು ಒಂದು ಡೆಸಿಲೀಟರ್ ರಕ್ತದಲ್ಲಿ ಇಷ್ಟು ಮೈಕ್ರೋಗ್ರಾಂ ಅನ್ನುವ ಲೆಕ್ಕ. 2021ರಿಂದ ಇಲ್ಲಿ 3.5 ಮುಟ್ಟಿದರೇ ಎಚ್ಚರವಾಗುತ್ತಾರೆ. ಇಷ್ಟಿದ್ದರೆ ಸುರಕ್ಷಿತ ಅನ್ನುವ ಮಟ್ಟ ಮಕ್ಕಳಿಗೆ ಇಲ್ಲವೇ ಇಲ್ಲ.

ಡಾಕ್ಟರ್ ಮೊದಲು ಮನೆ ಎಷ್ಟು ಹಳೆಯದು ಅಂತ ಕೇಳಿದರು. 1978ಕ್ಕೂ ಹಿಂದಿನ ಮನೆಯಾದರೆ ಗೋಡೆಯ ಪೇಂಟಿನಲ್ಲೇ ಸೀಸ ಇರಬಹುದು. ನಮ್ಮದು 1994ರದ್ದು. ಆಮೇಲೆ ನಮ್ಮನ್ನು ನೋಡಿ ಕೇಳಿದ್ದು: ಊರಿಂದ ತಂದ ಅರಿಶಿನ ಬಳಸುತ್ತೀರಾ? ಹಿತ್ತಾಳೆ ಪಾತ್ರೆ? ಮಗುವಿಗೆ ಕಾಡಿಗೆ ಹಚ್ಚುತ್ತೀರಾ?

ಅತ್ತೆ ಆಗ ನಮ್ಮ ಜೊತೆಗೇ ಇದ್ದರು. ಹರಳೆಣ್ಣೆ ದೀಪದ ಮಸಿಗೆ ತುಪ್ಪ ಕಲಸಿ ಅವರೇ ಮಾಡಿದ ಕಾಡಿಗೆ. "ನಾನೇ ಹಚ್ಚಿದ್ದಲ್ವಾ, ನನ್ನಿಂದಲೇ ಆಯಿತೇನೋ" ಅಂತ ಅತ್ತುಬಿಟ್ಟರು. ಹೆಂಡತಿ ಡಬ್ಬಿಯನ್ನೂ ಅರಿಶಿನವನ್ನೂ ಪರೀಕ್ಷೆಗೆ ಕಳಿಸಿದಳು. ನಾನೂ ಹೂಂ ಅಂದೆ. ಹತ್ತು ದಿನ ಅತ್ತೆ ಮಗುವನ್ನು ಎತ್ತಿಕೊಳ್ಳಲೂ ಹೆದರುತ್ತಿದ್ದರು. ನಾನು ಸುಮ್ನೆ ನೋಡುತ್ತಿದ್ದೆ. ಎರಡರಲ್ಲೂ ಸೀಸ ಇರಲಿಲ್ಲ.

ಆರೋಗ್ಯ ಇಲಾಖೆಯಿಂದ ಬಂದಿದ್ದ ಹೆಂಗಸು ಬಾಗಿಲಲ್ಲಿ ನಿಂತು, "ನಿಮ್ಮ ಹವ್ಯಾಸಗಳೇನು?" ಅಂತ ಕೇಳಿದರು.

ನನಗೆ ಮೊದಲೇ ಯಾಕೆ ಹೊಳೆಯಲಿಲ್ಲ ಅಂತ ನೀವು ಕೇಳಬಹುದು. ನನಗೊಂದು ಲೆಕ್ಕ ಇತ್ತು. ಸೀಸ ಕರಗುವುದು 327 ಡಿಗ್ರಿಗೆ, ಕುದಿಯುವುದು 1,749ಕ್ಕೆ. ನನ್ನ ಪಾತ್ರೆ 400ರ ಆಸುಪಾಸು. ಹಾಗಾಗಿ ಹೊಗೆಯಲ್ಲಿ ಸೀಸ ಹೆಚ್ಚು ಇರುವುದಿಲ್ಲ, ಬಾಗಿಲು ತೆರೆದಿಟ್ಟರೆ ಆಯಿತು. ಹೊಗೆಯ ಲೆಕ್ಕ ಸರಿಯೇ ಇತ್ತು. ನಾನು ಬಿಟ್ಟಿದ್ದು ಕಿಟ್ಟವನ್ನು. ಕೊಳೆ ಬೇರೆಯಾಗಲಿ ಅಂತ ಜೇನುಮೇಣ ಹಾಕಿ ಕಲಕಿದಾಗ ಮೇಲೆ ತೇಲುವ ಬೂದು ಪುಡಿ ಇದೆಯಲ್ಲ, ಅದು ಸೀಸದ ಆಕ್ಸೈಡ್. ಹಿಟ್ಟಿನಷ್ಟು ನುಣ್ಣಗೆ. ಅದನ್ನು ಸೌಟಿನಲ್ಲಿ ತೆಗೆದು ಕಾಫಿ ಡಬ್ಬಿಗೆ ಬಡಿಯುತ್ತಿದ್ದೆ. ಹೊಗೆ ಹೋಗಲಿ ಅಂತ ಫ್ಯಾನ್ ಬೇರೆ ಹಾಕಿರುತ್ತಿದ್ದೆ. ಕೊನೆಗೆ ಒಣ ಪೊರಕೆಯಲ್ಲಿ ಗುಡಿಸಿ, ಅದೇ ಚಪ್ಪಲಿಯಲ್ಲಿ ಒಳಗೆ ಬರುತ್ತಿದ್ದೆ. ಅಂಗಿ ಮಗಳ ಬಟ್ಟೆಯ ಜೊತೆಗೇ ವಾಷಿಂಗ್ ಮಷೀನಿಗೆ. ಆ ಮಷೀನೂ ಗ್ಯಾರೇಜಿನಲ್ಲೇ ಇತ್ತು, ಅವಳ ಮೂರು ಚಕ್ರದ ಸೈಕಲ್ಲೂ.

ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಪರೀಕ್ಷೆ ಮಾಡಿದರು. ಗ್ಯಾರೇಜು ಬಿಡಿ, ಒಳಬಾಗಿಲ ಮ್ಯಾಟಿನಲ್ಲೂ ಸೀಸ ಸಿಕ್ಕಿತು. ಅವಳು ಕೂತು ಆಡುವ ಜಾಗ ಅದು. ನನ್ನ ರಕ್ತದಲ್ಲಿ 19 ಇತ್ತು.

ಇದಕ್ಕೆ ಸುಲಭದ ಔಷಧಿ ಇಲ್ಲ. ಸೀಸವನ್ನು ಎಳೆದು ತೆಗೆಯುವ ಔಷಧಿ ಕೊಡುವುದು ಸಾಮಾನ್ಯವಾಗಿ 45 ದಾಟಿದರೆ. ಅದಕ್ಕಿಂತ ಕಡಿಮೆ ಇದ್ದರೆ ಮೂಲ ತೆಗೆಯಬೇಕು, ಕಾಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಚೆನ್ನಾಗಿ ಸಿಕ್ಕರೆ ಮೈ ಸೀಸವನ್ನು ಕಡಿಮೆ ಹೀರುತ್ತದೆ ಅಂದರು. ಅತ್ತೆ ದಿನಾ ರಾಗಿ ಮಣ್ಣಿ ಮಾಡಿದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಸೀಸ ಹೊಯ್ಯಲೇಬೇಕು ಅನ್ನುವವರು ಮನೆಗೆ ಅಂಟಿಕೊಂಡ ಜಾಗದಲ್ಲಿ ಮಾಡಬೇಡಿ. ಆ ಕೆಲಸದ ಬಟ್ಟೆ, ಚಪ್ಪಲಿ ಅಲ್ಲೇ ಇರಲಿ, ಬೇರೆಯಾಗಿ ಒಗೆಯಿರಿ. ಗುಡಿಸಬೇಡಿ, ಒದ್ದೆ ಮಾಡಿ ಒರೆಸಿ. ಕಿಟ್ಟವನ್ನು ಮುಚ್ಚಳದ ಡಬ್ಬಿಗೆ ನಿಧಾನವಾಗಿ ಇಳಿಸಿ. ಕೈ, ಮುಖ ತೊಳೆಯುವ ತನಕ ಕಾಫಿಯೂ ಬೇಡ. ಕಾರಿನ ಬ್ಯಾಟರಿಯ ಸೀಸವನ್ನಂತೂ ಮುಟ್ಟಲೇಬೇಡಿ. ಅದರಲ್ಲಿ ಆರ್ಸೆನಿಕ್ ಇರಬಹುದು, ಕಿಟ್ಟಕ್ಕೆ ತೇವ ತಗುಲಿದರೆ ವಿಷದ ಗಾಳಿ ಹುಟ್ಟಬಹುದು. ಊರಲ್ಲಿ ಬೀಸುಬಲೆಗೆ ಸೀಸದ ಮಣಿ ಹೊಯ್ಯುವವರಿಗೂ ಇದೇ ಮಾತು, ಅಡುಗೆ ಒಲೆಯ ಮೇಲಂತೂ ಬೇಡವೇ ಬೇಡ.

ಪಾತ್ರೆ, ಸೌಟು, ಕಿಟ್ಟದ ಡಬ್ಬಿ ಎಲ್ಲವನ್ನೂ ಊರಿನ ಅಪಾಯಕಾರಿ ಕಸ ತೆಗೆದುಕೊಳ್ಳುವ ದಿನ ಕೊಟ್ಟು ಬಂದೆ. ಈಗ ಗುಂಡು ಅಂಗಡಿಯಿಂದಲೇ, ಅದೂ ಡಬ್ಬಿ ಮುಚ್ಚಿ ಬೀಗದೊಳಗೆ. ಮಗಳದು ಕಳೆದ ಸಲ 4ಕ್ಕೆ ಇಳಿದಿತ್ತು. ಮುಂದಿನ ಪರೀಕ್ಷೆ ಮೂರು ತಿಂಗಳಿಗೆ.