ಕಸ ಎತ್ತುವ ಕೋಲು: ಚಾಮುಂಡಿ ಬೆಟ್ಟದ ಮೆಟ್ಟಿಲಂಚಿನಲ್ಲಿ ಬಳಸಿ ನೋಡಿದ ಮೇಲೆ

ತುದಿಯಲ್ಲಿ ಇಕ್ಕಳದ ಬಾಯಿ, ಮೇಲೆ ಬೆರಳಿನಿಂದ ಎಳೆಯುವ ಕುದುರೆಯುಳ್ಳ ಹಿಡಿಕೆ, ನಡುವೆ ಟೊಳ್ಳು ಅಲ್ಯೂಮಿನಿಯಂ ಕೊಳವೆ: ಇಷ್ಟೇ ಇರುವ ಈ ಸಲಕರಣೆಯನ್ನು ಆನ್‌ಲೈನ್ ಅಂಗಡಿಗಳು ‘ಲಿಟರ್ ಪಿಕರ್’ ಎಂದೋ ‘ಗ್ರ್ಯಾಬರ್’ ಎಂದೋ ಹೆಸರಿಟ್ಟು ಮಾರುತ್ತವೆ. ಬೆನ್ನು ಬಗ್ಗಿಸಲಾಗದ ಹಿರಿಯರು ನೆಲಕ್ಕೆ ಬಿದ್ದ ಕನ್ನಡಕವನ್ನೋ ಪತ್ರಿಕೆಯನ್ನೋ ಎತ್ತಿಕೊಳ್ಳಲೆಂದು ಕೊಳ್ಳುವುದೂ ಇದನ್ನೇ. ನಾನು ಕೊಂಡದ್ದು ಮೈಸೂರಿನ ಚಾಮುಂಡಿ ಬೆಟ್ಟದ ಮೆಟ್ಟಿಲ ದಾರಿಯ ಎರಡೂ ಬದಿಯ ಕಸವನ್ನು ಎತ್ತುವುದಕ್ಕೆ. ಸುಮಾರು ಐನೂರು ರೂಪಾಯಿಯ ಈ ವಸ್ತು ಆ ಕೆಲಸಕ್ಕೆ ಎಷ್ಟರಮಟ್ಟಿಗೆ ಒದಗುತ್ತದೆ, ಕೊಟ್ಟ ಹಣಕ್ಕೆ ಪ್ರತಿಯಾಗಿ ಕೊಂಡವನಿಗೆ ಏನು ಸಿಗುತ್ತದೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಜಾಗದ ಸ್ವರೂಪವನ್ನು ಮೊದಲು ಹೇಳಬೇಕು, ಏಕೆಂದರೆ ಕೋಲಿನ ಗುಣದೋಷಗಳೆಲ್ಲ ಅದಕ್ಕೆ ಅಂಟಿಕೊಂಡಿವೆ. ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ, ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳ ಈ ದಾರಿಯಲ್ಲಿ ಏಳುನೂರನೆಯ ಮೆಟ್ಟಿಲಿನ ಆಸುಪಾಸಿನಲ್ಲಿ ಏಕಶಿಲೆಯ ದೊಡ್ಡ ನಂದಿಯಿದೆ. ಮೆಟ್ಟಿಲುಗಳಿಗೆ ಪೊರಕೆ ಬೀಳುತ್ತದೆ. ನಂದಿಯ ಸುತ್ತಲೂ ಬೀಳುತ್ತದೆ. ಆದರೆ ಮೆಟ್ಟಿಲಿನ ಅಂಚು ದಾಟಿದೊಡನೆ ಸಿಗುವ ಬಂಡೆಯ ಸಂದು, ಲಂಟಾನದ ಪೊದೆ, ಮಳೆನೀರು ಹರಿದು ಮಾಡಿದ ಕೊರಕಲು, ಇವು ಯಾರ ಪೊರಕೆಗೂ ಸಿಗುವುದಿಲ್ಲ. ಆಷಾಢ ಶುಕ್ರವಾರಗಳಲ್ಲಿ ಬೆಟ್ಟ ಹತ್ತುವ ಜನಸಾಗರ ಕೈಯಿಂದ ಬಿಟ್ಟದ್ದೆಲ್ಲ ಗಾಳಿಗೆ, ನೀರಿಗೆ, ಕೋತಿಗಳ ಕೈಗೆ ಸಿಕ್ಕಿ ಅಲ್ಲಿಗೆ ಹೋಗಿ ನಿಲ್ಲುತ್ತದೆ. ಇದು ಕಾಯ್ದಿಟ್ಟ ಅರಣ್ಯ. ಚಿರತೆಯೂ ಇರುವ ಕಾಡು. ಇಲಾಖೆಯ ಅನುಮತಿಯಿಲ್ಲದೆ ದಾರಿ ಬಿಟ್ಟು ಒಳಗೆ ನುಗ್ಗುವುದು ಸರಿಯೂ ಅಲ್ಲ, ಕ್ಷೇಮವೂ ಅಲ್ಲ. ಹೀಗಾಗಿ ಮೆಟ್ಟಿಲ ಮೇಲೆ ನಿಂತು ಕೈಯ ಉದ್ದಕ್ಕೆ ಕೋಲಿನ ಉದ್ದ ಸೇರಿ ಎಷ್ಟು ದೂರ ಮುಟ್ಟುತ್ತದೆಯೋ ಅಷ್ಟೇ ನನ್ನ ಕಾರ್ಯಕ್ಷೇತ್ರ. ಮೂವತ್ತೆರಡು ಇಂಚಿನ ಕೋಲು ಇದಕ್ಕೆ ಸಾಕು. ಅದಕ್ಕಿಂತ ಗಿಡ್ಡದ್ದು ಬೇಡ.

ಮಾರುಕಟ್ಟೆಯಲ್ಲಿ ಸಿಗುವ ಕೋಲುಗಳ ಬಾಯಿಯಲ್ಲಿ ಎರಡು ಬಗೆ. ಒಂದರ ತುದಿಗೆ ರಬ್ಬರಿನ ಎರಡು ಪುಟ್ಟ ಬಟ್ಟಲುಗಳಿರುತ್ತವೆ; ಅಲಮಾರಿಯ ಮೇಲಿನ ಡಬ್ಬಿ ಇಳಿಸಲು ಅದು ಸೊಗಸು, ಹುಲ್ಲಿನಲ್ಲಿ ಸಿಕ್ಕಿಕೊಂಡ ಪೊಟ್ಟಣದ ಮುಂದೆ ಮಾತ್ರ ನಿಷ್ಪ್ರಯೋಜಕ. ಇನ್ನೊಂದರ ದವಡೆ ಚಪ್ಪಟೆಯಾಗಿದ್ದು ಒಳಗೆ ಸಣ್ಣ ಹಲ್ಲುಗಳಿರುತ್ತವೆ. ಬೆಟ್ಟಕ್ಕೆ ಬೇಕಾದದ್ದು ಇದು. ಕೊಕ್ಕರೆ ಮೀನಿಗೆ ಬಾಯಿ ಹಾಕುವ ಹಾಗೆ ನೇರವಾಗಿ ಇಳಿಸಿ, ಮುಚ್ಚಿ, ಮಣಿಕಟ್ಟನ್ನು ತುಸು ತಿರುಗಿಸಿದರೆ ಲಂಟಾನದ ಮುಳ್ಳಿನಿಂದ ಪ್ಲಾಸ್ಟಿಕ್ ಕವರು ಹರಿಯದೆ ಬಿಡಿಸಿಕೊಂಡು ಬರುತ್ತದೆ. ನನ್ನ ಕೋಲಿನ ತುದಿಯಲ್ಲಿ ಸಣ್ಣ ಅಯಸ್ಕಾಂತವೂ ಇದೆ. ಸೋಡಾ ಬಾಟಲಿಯ ಉಕ್ಕಿನ ಮುಚ್ಚಳಗಳನ್ನು ಅದು ಎತ್ತುತ್ತದೆ, ನೀರಿನ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳಗಳನ್ನು ಎತ್ತುವುದಿಲ್ಲ. ಬೆಟ್ಟದಲ್ಲಿ ಎರಡನೆಯವೇ ಹೆಚ್ಚು.

ಕೋಲಿನ ಬಾಯಿಗೆ ಬರುವ ಕಸ ಒಂದೇ ತೆರನಲ್ಲ ಎಂಬುದು ಕೆಲಸಕ್ಕಿಳಿದ ಮೇಲೆ ತಿಳಿಯುತ್ತದೆ. ನೀರಿನ ಬಾಟಲಿ ನಾವೆಣಿಸುವಷ್ಟು ಇರುವುದಿಲ್ಲ. ಗುಜರಿಯಲ್ಲಿ ಅದಕ್ಕೆ ಬೆಲೆಯಿರುವುದರಿಂದ ಆಯುವವರು ನಮಗಿಂತ ಮುಂಚೆಯೇ ಬಂದು ಒಯ್ದಿರುತ್ತಾರೆ. ಉಳಿಯುವುದು ಬೆಲೆಯಿಲ್ಲದ ಕಸ: ಚಿಪ್ಸಿನ ಬಹುಪದರದ ಪೊಟ್ಟಣ, ಒಳಗೆ ಪ್ಲಾಸ್ಟಿಕ್ ಲೇಪವಿರುವ ಪ್ರಸಾದದ ತಟ್ಟೆ, ಕಾಗದದ್ದೆಂದು ನಾವು ನಂಬಿರುವ ಚಹಾ ಲೋಟ, ಮೆಟ್ಟಿಲು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತ ಹತ್ತುವ ಹರಕೆಯವರು ಖಾಲಿ ಮಾಡಿ ಬಿಟ್ಟ ಪುಡಿಯ ಚೀಟಿಗಳು. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಅಲ್ಲಿಂದೀಚೆಗೆ ಪಾನ್ ಮಸಾಲೆಯನ್ನು ಒಂದು ಚೀಟಿಯಲ್ಲೂ ತಂಬಾಕನ್ನು ಇನ್ನೊಂದರಲ್ಲೂ ಕೊಂಡು ಬೆರೆಸಿ ತಿನ್ನುವ ರೂಢಿ ಬಂದಿರುವುದರಿಂದ ಈ ಕಸ ಯಾವಾಗಲೂ ಜೋಡಿಯಾಗಿಯೇ ಬಿದ್ದಿರುತ್ತದೆ. ಒಂದು ಕಂಡರೆ ಅದರ ಜೊತೆಗಾರ ಗೇಣುದೂರದಲ್ಲಿರುತ್ತದೆ. ರಸ್ತೆ ಮೆಟ್ಟಿಲನ್ನು ಸಂಧಿಸುವೆಡೆಯಲ್ಲಿ ತೊಂಬತ್ತು ಎಂಎಲ್ ಮದ್ಯದ ಟೆಟ್ರಾ ಪ್ಯಾಕುಗಳು ಸೇರಿಕೊಳ್ಳುತ್ತವೆ. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲವನ್ನು ನಿಷೇಧಿಸಿತು, 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಂಥ ಹಲವು ವಸ್ತುಗಳು ದೇಶದಾದ್ಯಂತ ನಿಷೇಧವಾದವು; ಈ ಕೋಲು ಹಿಡಿದವನಿಗೆ ಎರಡೂ ಆದೇಶಗಳು ಎಷ್ಟು ದೂರ ನಡೆದವು, ಎಲ್ಲಿ ನಿಂತವು ಎಂಬುದು ಪತ್ರಿಕೆ ಓದದೆಯೇ ಗೊತ್ತಾಗುತ್ತದೆ.

ಕೊಂಡವನಿಗೆ ಏನು ಸಿಗುತ್ತದೆ ಎಂಬ ಪ್ರಶ್ನೆ ಇಲ್ಲಿಂದಲೇ ಶುರುವಾಗುತ್ತದೆ. ಮಾರಾಟದ ಪುಟದಲ್ಲಿ ಈ ಗುಣದ ಬಗ್ಗೆ ಒಂದಕ್ಷರವೂ ಇಲ್ಲ. ಮೊದಲು ಸಿಗುವುದು ಸಿಟ್ಟಿನಿಂದ ಬಿಡುಗಡೆ. ಬರಿಗೈಯಲ್ಲಿ ಬೆಟ್ಟ ಹತ್ತುವವನಿಗೆ ಕಸ ಕಂಡಾಗಲೆಲ್ಲ ಎಸೆದವನ ಮೇಲೆ ಕೋಪ ಬರುತ್ತದೆ, ಆ ಕೋಪಕ್ಕೆ ಮಾಡಲು ಕೆಲಸವಿಲ್ಲದ್ದರಿಂದ ಅದು ತುದಿಯವರೆಗೂ ಜೊತೆಗೇ ಬರುತ್ತದೆ. ಕೈಯಲ್ಲಿ ಕೋಲಿದ್ದಾಗ ಅದೇ ಪೊಟ್ಟಣ ಕಣ್ಣಿಗೆ ಬಿದ್ದರೆ ಅದನ್ನು ಯಾವ ಕೋನದಿಂದ ಹಿಡಿದರೆ ಬಂದೀತು ಎಂಬುದಷ್ಟೇ ಮನಸ್ಸಿಗೆ ಬರುತ್ತದೆ. ಎಸೆದವನು ಯಾರೆಂಬುದು ಹಿಂದೆ ಸರಿಯುತ್ತದೆ. ಸ್ವಭಾವತಃ ಮುಂಗೋಪಿಯಾದ ನನ್ನಂಥವನಿಗೆ ಐನೂರು ರೂಪಾಯಿಯ ಬೆಲೆ ಇಲ್ಲಿಗೇ ಸಂದಿತು.

ಎರಡನೆಯದು ನಿಧಾನ. ವ್ಯಾಯಾಮಕ್ಕೆಂದು ಹತ್ತುವವರು ಅರ್ಧ ಗಂಟೆಯಲ್ಲಿ ಮೇಲೆ ಮುಟ್ಟುತ್ತಾರೆ. ಕಸ ಎತ್ತುವವನು ಅಷ್ಟು ಹೊತ್ತಿನಲ್ಲಿ ನೂರು ಮೆಟ್ಟಿಲು ದಾಟಿದರೆ ಹೆಚ್ಚು. ಒಂದೇ ಪೊದೆಯೆದುರು ಸುಮ್ಮನೆ ಅಷ್ಟು ಹೊತ್ತು ನಿಂತವನನ್ನು ಹರಟೆಮಲ್ಲ ಹಕ್ಕಿಗಳು ಲೆಕ್ಕಕ್ಕೇ ಇಡುವುದಿಲ್ಲ, ಕಾಲ ಬಳಿಯೇ ತರಗೆಲೆ ಕೆದಕುತ್ತವೆ. ಬಿಸಿಲೇರಿದ ಬಂಡೆಯ ಮೇಲೆ ಕೆಂಪು ಬಣ್ಣ ತಾಳಿ ಕತ್ತು ಕುಣಿಸುವ ಗಂಡು ಓತಿಕ್ಯಾತ ಯಾವ ಬಂಡೆಯದು, ಯಾವ ಕಕ್ಕೆಮರ ಉಳಿದವಕ್ಕಿಂತ ಮೊದಲು ಹೂಬಿಡುತ್ತದೆ, ಮಳೆ ಬಂದಾಗ ಯಾವ ಕೊರಕಲು ಮೊದಲು ಹರಿಯುತ್ತದೆ ಎಂಬುದೆಲ್ಲ ನನಗೆ ತಿಳಿದದ್ದು ಕಸದ ಹಿಂದೆ ಹೋಗಿ. ಹುಟ್ಟಿನಿಂದ ನೋಡಿದ ಬೆಟ್ಟವಾದರೂ ಅದುವರೆಗೆ ನನಗೆ ಗೊತ್ತಿದ್ದದ್ದು ದೇವಸ್ಥಾನ, ನಂದಿ, ಮೇಲಿನಿಂದ ಕಾಣುವ ಊರು, ಇಷ್ಟೇ.

ಎಲ್ಲವೂ ಹಿತವಾಗಿರುತ್ತದೆ ಎಂದಲ್ಲ. ಬಾಟಲಿಯೊಳಗೆ ನುಗ್ಗಿ ಹೊರಬರಲಾರದೆ ಒಣಗಿದ ಹಾವುರಾಣಿಯನ್ನು ನೋಡಿದ ದಿನ ಮನೆಯಲ್ಲಿ ಊಟ ಸೇರುವುದಿಲ್ಲ. ಮುಂದಿನ ಶುಕ್ರವಾರ ಕಳೆದ ಮೇಲೆ ಬಂದು ನೋಡಿದರೆ ಎತ್ತಿದ್ದ ಜಾಗದಲ್ಲೇ ಹೊಸ ತಟ್ಟೆಗಳು ಬಿದ್ದಿರುತ್ತವೆ. ಸ್ವಚ್ಛತೆಯೇ ಸಂಭಾವನೆ ಎಂದು ಲೆಕ್ಕ ಹಾಕಿ ಕೋಲು ಕೊಳ್ಳುವವರಿಗೆ ಖಂಡಿತ ನಿರಾಸೆಯಾಗುತ್ತದೆ. ಆ ಜಾಗದ ಪರಿಚಯವನ್ನು ಸಂಭಾವನೆಯೆಂದುಕೊಂಡವರಿಗೆ ಆಗುವುದಿಲ್ಲ, ಏಕೆಂದರೆ ಹೊಸ ತಟ್ಟೆ ಬಿದ್ದ ಮಾತ್ರಕ್ಕೆ ಅದು ಕೈಬಿಟ್ಟು ಹೋಗುವುದಿಲ್ಲ.

ಜನರ ಪ್ರತಿಕ್ರಿಯೆಯನ್ನೂ ಈ ವಿಮರ್ಶೆಯಲ್ಲಿ ಸೇರಿಸಬೇಕು, ಏಕೆಂದರೆ ಬರಿಗೈಗೂ ಕೋಲಿಗೂ ಇಲ್ಲಿ ವ್ಯತ್ಯಾಸವಿದೆ. ಬಗ್ಗಿ ಕೈಯಿಂದ ಎತ್ತುವವನನ್ನು ಜನ ನೋಡಿಯೂ ನೋಡದಂತೆ ದಾಟುತ್ತಾರೆ. ಕೋಲು ಕಂಡರೆ ಮಕ್ಕಳು ನಿಲ್ಲುತ್ತಾರೆ, ಮಕ್ಕಳು ನಿಂತರೆ ಅಪ್ಪ ಅಮ್ಮ ನಿಲ್ಲಲೇಬೇಕು. “ಕಾರ್ಪೊರೇಷನ್‌ನವರಾ ಸಾರ್?” ಎಂಬುದು ಖಾಯಂ ಪ್ರಶ್ನೆ. ಅಲ್ಲವೆಂದರೆ, ತಮ್ಮ ಕೈಯಲ್ಲಿದ್ದ ಖಾಲಿ ಬಾಟಲಿಯನ್ನು ಸಂಕೋಚದಿಂದ ನನ್ನ ಚೀಲಕ್ಕೇ ಹಾಕಿ ಮುಂದೆ ಹೋಗುವವರು ಹಲವರು. ಹರಕೆಯ ಕುಂಕುಮ ಹಚ್ಚುತ್ತಿದ್ದ ಹಿರಿಯ ತಾಯಿಯೊಬ್ಬರು “ತಾಯಿ ಒಳ್ಳೇದು ಮಾಡ್ಲಿ ಕಣಪ್ಪ” ಎಂದು ಹರಸಿ, ತಾವು ತಂದಿದ್ದ ಚೀಟಿಗಳನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡರು.

ದೇಹದ ವಿಚಾರವನ್ನು ಬೇಗ ಹೇಳಿ ಮುಗಿಸುತ್ತೇನೆ. ಸೊಂಟಕ್ಕೆ ನೋವಿಲ್ಲ, ಮಂಡಿಗೆ ಮೆಟ್ಟಿಲಿನಷ್ಟೇ ಶ್ರಮ. ಕುದುರೆಯನ್ನು ಮತ್ತೆ ಮತ್ತೆ ಒತ್ತುವುದರಿಂದ ಹೆಬ್ಬೆರಳಿನ ಬುಡ ನೋಯುತ್ತದೆ, ಆಗಾಗ ಕೈ ಬದಲಿಸಿದರೆ ತಾಳಿಕೊಳ್ಳಬಹುದು. ಆ ರಾತ್ರಿಯ ನಿದ್ರೆ ಚೆನ್ನಾಗಿರುತ್ತದೆ.

ಕೋಲಿನಿಂದ ಆಗದ ಕೆಲಸಗಳೂ ಇವೆ. ಅರ್ಧ ಮಣ್ಣಿನಲ್ಲಿ ಹೂತ ಕವರನ್ನು ಎಳೆದರೆ ದವಡೆ ಜಾರುತ್ತದೆ ಅಥವಾ ಕವರು ಚಿಂದಿಯಾಗುತ್ತದೆ. ಅದಕ್ಕೆ ಸಣ್ಣ ಕುರ್ಪಿಯೇ ಬೇಕು. ಒಡೆದ ಗಾಜನ್ನು ಹಲ್ಲುಗಳು ಗಟ್ಟಿಯಾಗಿ ಹಿಡಿಯುವುದಿಲ್ಲ. ಅಡುಗೆಮನೆಯ ಹಳೆಯ ಇಕ್ಕಳ ಹೆಚ್ಚು ನಂಬಿಕೆಯದು. ಕೈಗೆ ರಬ್ಬರು ಲೇಪದ ತೋಟದ ಕೈಗವಸು ಇರಲೇಬೇಕು. ಎಲೆರಾಶಿಯನ್ನು ಮೊದಲು ಕೋಲಿನಿಂದ ಅಲುಗಾಡಿಸಿ ಆಮೇಲೆ ಮುಟ್ಟಬೇಕು, ಚೇಳು ಹಾವುಗಳಿಗೆ ಅದು ಮನೆ. ಚೀಲಕ್ಕೆ ಅಕ್ಕಿಯ ಪ್ಲಾಸ್ಟಿಕ್ ನೇಯ್ಗೆಯ ಮೂಟೆಚೀಲ ಹಗುರ, ಆದರೆ ಅದರ ಬಾಯಿ ತಾನಾಗಿ ತೆರೆದಿರುವುದಿಲ್ಲ. ಕಸೂತಿ ಹಾಕುವಾಗ ಬಟ್ಟೆ ಬಿಗಿಯಲು ಬಳಸುವ ಬಿದಿರಿನ ಬಳೆಯೊಂದನ್ನು ಚೀಲದ ಬಾಯಿಗೆ ಸಿಕ್ಕಿಸಿಕೊಂಡರೆ ಒಬ್ಬರೇ ಕೆಲಸ ಮಾಡಬಹುದು. ತುಂಬಿದ ಚೀಲವನ್ನು ಬುಡದಲ್ಲಿ ಬಿಟ್ಟು ಬರುವಂತಿಲ್ಲ, ಕೋತಿಗಳು ಹರಿದು ಮತ್ತೆ ಹರಡುತ್ತವೆ. ನಾನು ಮನೆಗೆ ತಂದು, ಒಣಕಸ ಬೇರ್ಪಡಿಸಿ, ಬೆಳಗಿನ ಪೌರಕಾರ್ಮಿಕರ ಗಾಡಿಗೆ ಕೊಡುತ್ತೇನೆ. ಬಾಟಲಿಗಳನ್ನು ಮಾತ್ರ ಆಯುವವರಿಗಾಗಿ ಬೇರೆ ಇಡುತ್ತೇನೆ, ಅದು ಅವರ ದುಡಿಮೆಯ ಭಾಗ.

ಬಾಳಿಕೆಯಲ್ಲಿ ನನ್ನ ಕೋಲಿಗೆ ಪೂರ್ಣ ಅಂಕ ಕೊಡಲಾರೆ. ಮಡಚುವ ಸೌಕರ್ಯವಿರುವ ಮಾದರಿಯನ್ನು ಕೊಂಡಿದ್ದೆ. ನಡುವಿನ ಕೀಲು ಒಂದು ಮಳೆಗಾಲದಲ್ಲೇ ಸಡಿಲಗೊಂಡು, ಭಾರದ ಕಸ ಎತ್ತಿದಾಗ ಕೋಲು ಬಾಗತೊಡಗಿತು. ದವಡೆಯನ್ನು ಎಳೆಯುವ ತಂತಿ ಕೊಳವೆಯೊಳಗೆ ತುಕ್ಕು ಹಿಡಿದಾಗ ಬಿಚ್ಚಿ ಎಣ್ಣೆ ಹಾಕುವುದಕ್ಕೆ ದಾರಿಯೇ ಇಲ್ಲ, ಬಿಡಿಭಾಗ ಸಿಗುವುದಿಲ್ಲ. ಮಡಚದ, ಒಂದೇ ಕೊಳವೆಯ, ಚಪ್ಪಟೆ ದವಡೆಯ ಮಾದರಿಗೆ ನೂರಿನ್ನೂರು ಹೆಚ್ಚಾದರೂ ಅದನ್ನೇ ಕೊಳ್ಳಿ. ಬಸ್ಸಿನಲ್ಲಿ ಒಯ್ಯುವಾಗ ಅಕ್ಕಪಕ್ಕದವರಿಗೆ ತಗುಲದಂತೆ ನೋಡಿಕೊಳ್ಳಬೇಕಾಗುತ್ತದೆ, ಅಷ್ಟೇ. ಐದರಲ್ಲಿ ಮೂರು ಅಂಕ ಕೋಲಿಗೆ. ಮಕ್ಕಳಿಗಾಗಿ ಕೊಳ್ಳುವವರು ಹಿಡಿಕೆಯ ಅಗಲವನ್ನು ಮೊದಲೇ ನೋಡಿಕೊಳ್ಳಬೇಕು, ಹತ್ತು ವರ್ಷದೊಳಗಿನವರ ಬೆರಳು ಈ ಕುದುರೆಗೆ ಎಟಕುವುದಿಲ್ಲ.